ಜಯನಗರದಲ್ಲಿ ಅಲಿಪ್ತಳಾಗಿ

ಬೀದರಿನಿಂದ ಬಂದ ಮೊದಲ ದಿನವೇ ಜಯನಗರದಲ್ಲಿ ನನ್ನ ಕನ್ನಡ ಕೈಕೊಟ್ಟಿತು.

"ನನಗೊಂದು ಖೋಲಿ ಬೇಕಾಗಿತ್ರೀ" ಎಂದು ಗೇಟಿನ ಬಳಿ ನಿಂತು ಕೇಳಿದೆ. ಮನೆಯೊಡತಿ ಸರೋಜಮ್ಮ ಹೌಹಾರಿದರು. "ಕೋಳಿ ಗೀಳಿ ಎಲ್ಲಾ ಇಲ್ಲಿ ಸಿಗಲ್ಲಮ್ಮ, ನಾವು ತಿನ್ನೋರಲ್ಲ!"

ನಮ್ಮ ಕಡೆ ಖೋಲಿಯೆಂದರೆ ಕೋಣೆ. 'ರೂಮು' ಎಂದ ಮೇಲಷ್ಟೇ ಗೇಟು ತೆರೆಯಿತು. ಅಂದಿನಿಂದ ನಮ್ಮದೇ ರಾಜ್ಯದ ರಾಜಧಾನಿಯಲ್ಲಿ ನಾನು ಅಳೆದು ತೂಗಿ ಮಾತಾಡತೊಡಗಿದೆ.

ಇದು ಎಂಬತ್ತರ ದಶಕದ ಶುರುವಿನ ಮಾತು. ಕಾಲೇಜೊಂದರಲ್ಲಿ ಅಂತರರಾಷ್ಟ್ರೀಯ ಸಂಬಂಧಗಳ ಪಾಠ ಹೇಳುತ್ತಿದ್ದೆ. ಬೀದರಿನ ಓಣಿಯಲ್ಲಿ ಬಾಗಿಲಿಗೆ ಬಂದು ನಿಂತರೆ ಸಾಕು, ಹೋಗಿಬರುವವರೆಲ್ಲ ಮಾತಾಡಿಸುತ್ತಿದ್ದರು. ಇಲ್ಲಿ ಅಗಲವಾದ ರಸ್ತೆಗಳಿದ್ದವು, ಮರಗಳ ತಂಪಿತ್ತು, ಒಂದು ಮಾತೂ ಆಡದೆ ಕಳೆದುಹೋಗುವ ಭಾನುವಾರಗಳಿದ್ದವು.

ಮಹಡಿಯ ಕೋಣೆಗೆ ಇರಾನಿನ ವಿದ್ಯಾರ್ಥಿನಿ ಶಿರೀನ್ ಬಂದದ್ದು ಆಗಲೇ. ಮಳೆಗೆ ಉಬ್ಬಿಕೊಂಡ ಬಾಗಿಲು ತೆರೆಯದೆ, ಅವಳು ನನ್ನ ಬಳಿ ಓಡಿಬಂದು "ದರ್, ದರ್" ಎಂದಳು.

"ದರವಾಜಾ? ನಡಿ, ನೋಡೋಣು" ಎಂದೆ. ಇಬ್ಬರೂ ನಕ್ಕೆವು. ನನ್ನ ಬೀದರಿನ ಉರ್ದು, ಅವಳ ಫಾರಸಿ, ನಡುವೆ ಹರಕುಮುರುಕು ಇಂಗ್ಲಿಷು. ಆ ಊರಿನಲ್ಲಿ ನಾನು ತಡವರಿಸದೆ ಮಾತಾಡಿದ್ದು ಅವಳೊಬ್ಬಳ ಜೊತೆಗೆ. ನನ್ನ ಜೋಳದ ರೊಟ್ಟಿಯನ್ನು ಸಕ್ಕರೆಯಿಲ್ಲದ ಚಹಾದಲ್ಲಿ ಅದ್ದಿಕೊಂಡು ತಿನ್ನುತ್ತಿದ್ದಳು.

ಅಷ್ಟರಲ್ಲಿ ಇರಾಕ್ ಅವಳ ದೇಶದ ಮೇಲೆ ಯುದ್ಧ ಸಾರಿತು. ಅವಳ ಊರು ಗಡಿಯಲ್ಲಿದ್ದ ಅಬಾದಾನ್. ಮನೆಯಿಂದ ಕಾಗದ ಬರುವುದು ನಿಂತಿತು. ಪತ್ರಿಕೆ ಹಿಡಿದು ನನ್ನ ಬಳಿ ಬರುತ್ತಿದ್ದಳು.

"ನಿಮ್ಮ ದೇಶ ಯಾಕೆ ಸುಮ್ಮನಿದೆ?" ಎಂದು ಒಂದು ದಿನ ಕೇಳಿದಳು.

"ಇಬ್ಬರೂ ನಮಗೆ ಸ್ನೇಹಿತರು, ಇಬ್ಬರೂ ಅಲಿಪ್ತ ಬಳಗದವರು. ಒಬ್ಬರ ಪರ ವಹಿಸಿದರೆ ಸಂಧಾನದ ದಾರಿಯೇ ಮುಚ್ಚಿಹೋಗುತ್ತದೆ" ಎಂದು ತರಗತಿಯಲ್ಲಿ ಹೇಳಿದ್ದನ್ನೇ ಹೇಳಿದೆ.

"ಒಬ್ಬ ಇನ್ನೊಬ್ಬನ ಮನೆಯೊಳಗೆ ನುಗ್ಗಿದಾಗಲೂ ಇಬ್ಬರಿಗೂ ತಾಳ್ಮೆಯಿಂದಿರಿ ಅನ್ನುತ್ತೀರಾ?"

ಅದಕ್ಕೆ ನನ್ನ ಟಿಪ್ಪಣಿಗಳಲ್ಲಿ ಎರಡು ಪುಟ ಉತ್ತರವಿತ್ತು. ಅದನ್ನು ಬಿಟ್ಟು ಅವಳ ಲೋಟಕ್ಕೆ ಚಹಾ ಬಗ್ಗಿಸಿದೆ.

ಒಂದು ಸಂಜೆ ಅವಳ ವಿಳಾಸ ವಿಚಾರಿಸಲು ಸರ್ಕಾರದ ಕಡೆಯಿಂದ ಒಬ್ಬರು ಬಂದರು. ಮಾಮೂಲಿ ವಿಚಾರಣೆ, ಹತ್ತು ನಿಮಿಷದಲ್ಲಿ ಮುಗಿಯಿತು. ಸರೋಜಮ್ಮ ಮಾತ್ರ ಹೆದರಿಹೋದರು. ಮರುದಿನ ಬೆಳಿಗ್ಗೆ ವರಾಂಡದಲ್ಲಿ ಶಿರೀನಳನ್ನು ನಿಲ್ಲಿಸಿಕೊಂಡು, "ಬೇಜಾರ್ ಮಾಡ್ಕೋಬೇಡಮ್ಮ, ರೂಮು ಖಾಲಿ ಮಾಡ್ಬಿಡು. ಯುದ್ಧದ ತಾಪತ್ರಯ ನಮ್ಮನೆಗೆ ಬೇಡ" ಎಂದರು. ಆಮೇಲೆ ನನ್ನತ್ತ ತಿರುಗಿ, "ಏನಂತೀರಾ ಮೇಡಂ, ನೀವು ಓದಿರೋರು" ಎಂದರು.

ಖಾಲಿ ಎಂಬುದು ಫಾರಸಿಯಲ್ಲೂ ಖಾಲಿಯೇ. ಯಾರೂ ಅನುವಾದಿಸಬೇಕಾಗಲಿಲ್ಲ. ಶಿರೀನ್ ನನ್ನ ಮುಖ ನೋಡುತ್ತಾ ನಿಂತಳು.

ಅವಳ ಪರ ಮಾತಾಡಿದರೆ ನನ್ನ ಕೋಣೆಯೂ ಹೋಗಬಹುದೆಂದು ಹೆದರಿದೆ. "ಅದು ನಿಮ್ಮಿಬ್ಬರ ವಿಷಯ. ನಾನೇನ್ ಹೇಳ್ಲಿ" ಎಂದೆ.

ಶಿರೀನ್ ಒಂದೇ ಪೆಟ್ಟಿಗೆ ಹಿಡಿದು ಸುದ್ದಗುಂಟೆಪಾಳ್ಯದ ಗೆಳತಿಯ ಮನೆಗೆ ಹೋದಳು. ಧೈರ್ಯ ಮಾಡಿ ನಾನು ಅಲ್ಲಿಗೆ ಹೋದದ್ದು ಹದಿನೈದು ದಿನ ಕಳೆದ ಮೇಲೆ. ಗೆಳತಿ ಬಾಗಿಲಲ್ಲೇ ನಿಂತು ಹೇಳಿದಳು: ಅಬಾದಾನಿನಲ್ಲಿ ಉಳಿದುಹೋದ ತಾಯಿಯನ್ನು ಹುಡುಕಲು ಶಿರೀನ್ ಓದು ಬಿಟ್ಟು ಹೊರಟುಹೋಗಿದ್ದಳು. ಮತ್ತೆ ಅವಳ ಸುದ್ದಿ ನನಗೆ ತಿಳಿಯಲಿಲ್ಲ.

ಆ ಯುಗಾದಿಗೆ ಸರೋಜಮ್ಮ ಮೊದಲ ಬಾರಿಗೆ ನನ್ನನ್ನು ಅಡುಗೆಮನೆಯೊಳಕ್ಕೆ ಕರೆದು ಎಲೆ ಹಾಕಿದರು. ಅವರ ತಂಗಿ, "ಯಾರಕ್ಕ ಇವರು, ಬಾಡಿಗೆಗಿರೋರಾ?" ಎಂದು ಕೇಳಿದರು.

"ಬಾಡಿಗೆಯೋರು ಅಂತ ಹೆಸರಿಗಷ್ಟೇ ಕಣೆ, ನಮ್ಮೋರೇ ಇವರು. ಯಾರ ತಂಟೆಗೂ ಹೋಗಲ್ಲ" ಎಂದರು ಸರೋಜಮ್ಮ, ಎಲೆಗೆ ಇನ್ನೊಂದು ಒಬ್ಬಟ್ಟು ಹಾಕುತ್ತಾ.

ಈ ಊರಿನಲ್ಲಿ ನನ್ನನ್ನು ನಮ್ಮೋರು ಎಂದವರಲ್ಲಿ ಅವರೇ ಮೊದಲಿಗರು. ತಲೆ ತಗ್ಗಿಸಿ ತಿಂದೆ.