ಡೆವನ್ ಅವೆನ್ಯೂವಿನ ಬಿಳಿ ಚಟ್ನಿ

ಡೆಟ್ರಾಯಿಟ್ ಸುತ್ತಮುತ್ತ ಅಪ್ಪಂದಿರು ಹಗಲು ಹೊತ್ತಿನಲ್ಲೇ ಮನೆಯಲ್ಲಿ ಸಿಗುತ್ತಿದ್ದ ಕಾಲ ಅದು. ಸ್ಕೂಲ್ ಬಸ್ಸಿಳಿದರೆ ನಮ್ಮ ಬಡಾವಣೆಯ ಮನೆಗಳ ಮುಂದೆಲ್ಲ ಕಾರುಗಳು ನಿಂತೇ ಇರುತ್ತಿದ್ದವು. ಮಕ್ಕಳಾದ ನಮಗೆ ಮೊದಮೊದಲು ಅದು ಹಬ್ಬದ ರಜೆಯಂತೆ ಕಂಡಿತ್ತು. ಕಾರಿನ ಬ್ರೇಕುಗಳನ್ನು ಡಿಸೈನ್ ಮಾಡುತ್ತಿದ್ದ ನಮ್ಮಪ್ಪನೂ ಒಂದು ಮಧ್ಯಾಹ್ನ ಕೆಲಸ ಕಳೆದುಕೊಂಡು, ರಟ್ಟಿನ ಡಬ್ಬಿಯಲ್ಲಿ ತಮ್ಮ ಕಾಫಿ ಕಪ್ಪು, ನನ್ನ ಫೋಟೊ ಇಟ್ಟುಕೊಂಡು ಮನೆಗೆ ಬಂದರು. ನನಗಾಗ ಒಂಬತ್ತು ವರ್ಷ.

ಆ ವಾರ ಅಮ್ಮ ನನ್ನ ತಲೆ ಬಾಚುತ್ತಾ ಹೇಳಿದಳು, “ಕೆಲಸದ ಜೊತೆ ಹೆಲ್ತ್ ಇನ್ಶೂರೆನ್ಸೂ ನಿಂತೋಯ್ತು ಪುಟ್ಟಿ. ಅಪ್ಪಂಗೆ ಕೆಲಸ ಸಿಗೋವರ್ಗೂ ನಾವ್ಯಾರೂ ಹುಷಾರು ತಪ್ಪೋ ಹಾಗಿಲ್ಲ. ಆಸ್ಪತ್ರೆ ಮೆಟ್ಟಿಲು ಹತ್ತಿದ್ರೆ ಈ ಮನೆ ಮಾರ್ಕೋಬೇಕಾಗತ್ತೆ.”

ಅವಳು ಅದನ್ನು ಅರ್ಧ ತನಗೇ ಹೇಳಿಕೊಂಡದ್ದು. ನಾನು ಮಾತ್ರ ಅಕ್ಷರಶಃ ನಂಬಿದೆ. ಆಟದ ಬಯಲಿನ ಕಂಬಿಗೆ ಜೋತುಬೀಳುವುದನ್ನು ಬಿಟ್ಟೆ. ಸೀನು ಬಂದರೆ ಮೂಗು ಒತ್ತಿ ಹಿಡಿಯುತ್ತಿದ್ದೆ. ಮಲಗುವ ಮುಂಚೆ ನನ್ನ ಹಣೆಯನ್ನು ನಾನೇ ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಹಿಮ ಇನ್ನೂ ಕರಗಿರದ ದಿನಗಳಲ್ಲಿ ಅಪ್ಪನಿಗೆ ಷಿಕಾಗೋ ಹತ್ತಿರದ ಇಟಾಸ್ಕಾದಲ್ಲಿ ಇಂಟರ್‌ವ್ಯೂ ಬಂತು. ಅಷ್ಟು ದೂರ ಒಬ್ಬರೇ ಡ್ರೈವ್ ಮಾಡುವುದು ಬೇಡವೆಂದು ಅಮ್ಮ ಹಟ ಹಿಡಿದದ್ದರಿಂದ ಮೂವರೂ ಹೊರಟೆವು. ಅಪ್ಪ ಒಳಗಿದ್ದಷ್ಟು ಹೊತ್ತೂ ನಾವಿಬ್ಬರೂ ಕಾರಿನಲ್ಲಿ ಒಂದೇ ಕಂಬಳಿ ಹೊದ್ದು ಕೂತಿದ್ದೆವು. ಕೊನೆಗೆ ಅಪ್ಪ ಟೈ ಸಡಿಲಿಸುತ್ತಾ, ನಗುತ್ತಾ ಬಂದರು.

“ಚೆನ್ನಾಗಾಯ್ತು ಕಣೇ! ನಡೀರಿ, ಡೆವನ್‌ಗೆ ಹೋಗಿ ಹೊಟ್ಟೆ ತುಂಬಾ ಊಟ ಮಾಡೋಣ.”

ಷಿಕಾಗೋದಲ್ಲಿ ನಮ್ಮವರ ಅಂಗಡಿಗಳೇ ತುಂಬಿರುವ ಡೆವನ್ ಅವೆನ್ಯೂವಿನ ಒಂದು ಹೋಟೆಲಿನ ಬಾಗಿಲು ತೆರೆದೊಡನೆ ಇಂಗಿನ ಒಗ್ಗರಣೆಯ ಘಮ, ಜೊತೆಗೆ ಒದ್ದೆ ಕೋಟುಗಳ ಮುಗ್ಗಲು ವಾಸನೆ. ಬಫೆ ಎಂಬುದನ್ನು ನಾನು ಕಂಡದ್ದು ಅದೇ ಮೊದಲು. ಸ್ಟೀಲ್ ಮುಚ್ಚಳ ಎತ್ತಿದರೆ ಹಬೆ. ಹಬೆಯೊಳಗೆ ಬಿಸಿಬೇಳೆ ಭಾತು, ಇಡ್ಲಿ, ಶ್ಯಾವಿಗೆ ಪಾಯಸ.

“ಎಷ್ಟು ಸಲ ಬೇಕಾದ್ರೂ ಹಾಕ್ಕೋಬಹುದಾ?” ಎಂದೆ.

“ಅವರೇ ಬಂದು ಸಾಕು ಮಾರಾಯ್ತಿ ಅನ್ನೋವರ್ಗೂ!” ಎಂದರು ಅಪ್ಪ.

ಕಡಲೆಕಾಯಿ ನನಗೆ ಆಗುತ್ತಿರಲಿಲ್ಲ. ಚಿಕ್ಕವಳಿದ್ದಾಗ ಒಮ್ಮೆ ಮುಖವೆಲ್ಲ ಊದಿಕೊಂಡಿತ್ತಂತೆ. ಅಂದಿನಿಂದ ಅಮ್ಮನ ಬ್ಯಾಗಿನಲ್ಲಿ ಅದಕ್ಕೆಂದೇ ಒಂದು ಇಂಜೆಕ್ಷನ್ ಪೆನ್ನು ಇರುತ್ತಿತ್ತು. ಹೊರಗೆ ಹೋದಾಗ ಎಲ್ಲವನ್ನೂ ಕೇಳಿಯೇ ಅವಳು ನನಗೆ ಬಡಿಸುತ್ತಿದ್ದಳು. ಆ ದಿನ ಅವಳು ಅಪ್ಪನ ಮಾತಿನಲ್ಲಿ ಮುಳುಗಿದ್ದಳು. ನಾನೇ ತಟ್ಟೆ ಹಿಡಿದು ಹೋಗಿ ಇಡ್ಲಿಯ ಮೇಲೆ ಬಿಳಿ ಚಟ್ನಿ ಸುರಿದುಕೊಂಡೆ. ಮನೆಯಲ್ಲಿ ಬಿಳಿ ಚಟ್ನಿ ಎಂದರೆ ತೆಂಗಿನಕಾಯಿಯದೇ.

ಎರಡನೇ ಇಡ್ಲಿಯ ಹೊತ್ತಿಗೆ ತುಟಿ ಜುಮುಗುಟ್ಟತೊಡಗಿತು. ಆಮೇಲೆ ನಾಲಿಗೆ ತುರಿಸಿತು. ಚಟ್ನಿಯಲ್ಲಿ ಕಡಲೆಕಾಯಿ ಇದೆಯೆಂದು ನನಗೆ ತಕ್ಷಣ ಗೊತ್ತಾಯಿತು. ಬಾಯಿ ತೆರೆದೆ. ಎದುರಿಗೆ ಅಪ್ಪ, ಇಂಟರ್‌ವ್ಯೂ ಮಾಡಿದವನು ಕೈ ಕುಲುಕಿದ್ದು ಹೇಗೆಂದು ಅಮ್ಮನಿಗೆ ನಟಿಸಿ ತೋರಿಸುತ್ತಿದ್ದರು. ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ನಾನು ಬಾಯಿ ಮುಚ್ಚಿಕೊಂಡೆ.

ನೀರು ಕುಡಿದೆ. ಇಳಿಯಲಿಲ್ಲ. ಗಂಟಲಿಗೆ ಯಾರೋ ದಾರ ಕಟ್ಟಿ ಮೆಲ್ಲಗೆ ಎಳೆಯುತ್ತಿದ್ದ ಹಾಗೆ. ನಮ್ಮ ಮನೆ, ನನ್ನ ಕಿಟಕಿಯ ನೀಲಿ ಪರದೆ, ಅದರ ಮುಂದೆ ಬೇರೆ ಯಾರೋ ಹುಡುಗಿ ನಿಂತಿರುವುದು ಕಣ್ಣಿಗೆ ಬಂತು. ಉಸಿರನ್ನು ಚೂರುಚೂರೇ ಎಳೆದುಕೊಂಡರೆ ಸದ್ದಾಗುವುದಿಲ್ಲವೆಂದು ಹಾಗೆಯೇ ಎಳೆದುಕೊಂಡೆ.

“ಪಾಯಸ ಬೇಡ್ವೇನೇ?” ಅಮ್ಮ ತಿರುಗಿದಳು.

“ಐ ಆ್ಯಮ್ ಫೈನ್,” ಎಂದೆ. ಅದು ನನ್ನ ದನಿಯಾಗಿರಲಿಲ್ಲ.

ಅಮ್ಮನ ಕೈಯಿಂದ ಚಮಚ ಬಿತ್ತು. “ರೀ, ಇವಳ ತುಟಿ ನೋಡ್ರೀ!”

ಅಮ್ಮನ ಬ್ಯಾಗು ಮೇಜಿನ ಮೇಲೆ ತಲೆಕೆಳಗಾಯಿತು. ಬಾಚಣಿಗೆ, ಬೀಗದ ಕೈ, ಕುಂಕುಮದ ಡಬ್ಬಿ ಎಲ್ಲ ಸಾಂಬಾರಿನಲ್ಲಿ ಬಿದ್ದವು. ಅವಳು ಪೆನ್ನಿನ ಮುಚ್ಚಳ ತೆಗೆಯಲು ತಡಕಾಡಿದಳು. ಅಪ್ಪ ಪೆನ್ನು ಕಿತ್ತುಕೊಂಡು ಜೀನ್ಸಿನ ಮೇಲೇ ನನ್ನ ತೊಡೆಗೆ ಚುಚ್ಚಿ ಒತ್ತಿ ಹಿಡಿದರು. “ಆಂಬ್ಯುಲೆನ್ಸ್ ಕರೀರಿ!” ಎಂದು ಕೂಗಿದರು.

ಆಗ ನಾನು ಅವರ ಟೈ ಹಿಡಿದು, ಇದ್ದಬದ್ದ ಉಸಿರಿನಲ್ಲಿ, “ಬೇಡ ಅಪ್ಪಾ, ನಮಗೆ ಇನ್ಶೂರೆನ್ಸ್ ಇಲ್ಲ” ಎಂದೆ.

ಅಪ್ಪನ ಮುಖ ಆದ ಬಗೆಯನ್ನು ನಾನು ಇಲ್ಲಿ ಬರೆಯಲಾರೆ. ಅಮ್ಮ ನನ್ನನ್ನು ಎದೆಗವುಚಿಕೊಂಡು “ನಾನೇ ಹೇಳಿದ್ದು, ನಾನೇ ಹೇಳಿದ್ದು” ಎಂದು ಅಳುತ್ತಿದ್ದಳು.

ಆಂಬ್ಯುಲೆನ್ಸಿನೊಳಗೆ ನನ್ನ ಕೈಗೆ ಸೂಜಿ, ಮುಖಕ್ಕೆ ಮಾಸ್ಕು. ಹಿಡಿದುಕೊಳ್ಳಲು ಬೇರೇನೂ ಸಿಗದೆ ಅಪ್ಪ ನನ್ನ ಪಾದ ಹಿಡಿದುಕೊಂಡು ಕೂತಿದ್ದರು.

“ನೋಡು ಮಗಳೇ,” ಎಂದರು, “ಮನೆ ಹೋಗ್ಲಿ, ಏನ್ ಬೇಕಾದ್ರೂ ಹೋಗ್ಲಿ. ನಿಂಗೆ ಏನೇ ಆದ್ರೂ ಮೊದ್ಲು ನಂಗೆ ಹೇಳ್ಬೇಕು. ನಾನು ನಗ್ತಾ ಇದ್ರೂ ಹೇಳ್ಬೇಕು.”

ಮರುದಿನ ಮನೆಗೆ ಬಂದೆವು. ಆ ಕೆಲಸ ಅಪ್ಪನಿಗೆ ಸಿಗಲಿಲ್ಲ. ಬೇಸಿಗೆ ಕಳೆದ ಮೇಲೆ ಷಿಕಾಗೋ ಬಳಿಯ ಡೌನರ್ಸ್ ಗ್ರೋವಿನಲ್ಲಿ ಇನ್ನೊಂದು ಸಿಕ್ಕಿತು. ಮನೆ ಮಾರಿಯೇ ಹೋದೆವು, ಆದರೆ ಅದು ಊರು ಬಿಡುವುದಕ್ಕಾಗಿ, ಆಸ್ಪತ್ರೆಯ ಬಿಲ್ಲಿಗಾಗಿ ಅಲ್ಲ.

ಅಂದಿನಿಂದ ನಾನು ಎಲ್ಲವನ್ನೂ ಅಪ್ಪನಿಗೇ ಮೊದಲು ಹೇಳಿದೆ: ಕೆಟ್ಟ ಮಾರ್ಕ್ಸು, ಮೊದಲ ಪ್ರೀತಿ, ಉಳಿಯದೆ ಹೋದ ಮೊದಲ ಬಸಿರು. ಹೋದ ಚಳಿಗಾಲದಲ್ಲಿ ಅಪ್ಪ ತೀರಿಕೊಂಡರು. ಆಸ್ಪತ್ರೆಯಿಂದ ಫೋನ್ ಬಂದಾಗ ಸುದ್ದಿ ಕೇಳಿ ಕೆಳಗಿಟ್ಟೆ. ಮತ್ತೆ ಎತ್ತಿಕೊಂಡೆ. ಬೆರಳು ತಾನಾಗಿ ಅಪ್ಪನ ನಂಬರು ಒತ್ತಿತು. ಅದು ರಿಂಗಾಗುತ್ತಲೇ ಇತ್ತು.