ಆಪರೇಟರ್ ಚಾಚಾ ಮತ್ತು ಸುಳ್ಳು ಹೇಳಿದ ಯಂತ್ರ

ನಮ್ಮ ಆಪರೇಟರ್ ಚಾಚಾ ಅವರ ಬಲಗಣ್ಣು ಯಾವಾಗಲೂ ಅರ್ಧ ಮುಚ್ಚಿಕೊಂಡೇ ಇರುತ್ತಿತ್ತು. ಕಾಯಿಲೆಯೇನಲ್ಲ. ಟೆಂಟ್ ಸಿನಿಮಾದ ಕ್ಯಾಬಿನ್ನಿನಲ್ಲಿ ವರ್ಷಗಟ್ಟಲೆ ನಿಂತು, ಅಂಗೈ ಅಗಲದ ಕಿಂಡಿಗೆ ಎಡಗಣ್ಣಿಟ್ಟು ಪರದೆ ನೋಡಿ ನೋಡಿ ಬಂದ ಅಭ್ಯಾಸ. ಟೆಂಟ್ ಮುಚ್ಚಿ ಎಷ್ಟೋ ವರ್ಷವಾದ ಮೇಲೂ, ಎದುರಿಗೆ ಯಾರಾದರೂ ಮಾತಾಡಿದರೆ ಕತ್ತು ಒಂಚೂರು ಓರೆ ಮಾಡಿ ಒಂದೇ ಕಣ್ಣಿನಲ್ಲಿ ನೋಡುತ್ತಿದ್ದರು. ಹಾಗೆ ನೋಡಿಸಿಕೊಂಡವರಿಗೆ ಸುಳ್ಳು ಹೇಳುವುದು ಕಷ್ಟವಾಗುತ್ತಿತ್ತು. ನನಗೂ ಕಷ್ಟವಾಯಿತು.

ಪಾಂಡವಪುರದಲ್ಲಿ ಅವರ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ. ನಮ್ಮದು ಮರಗೆಲಸದವರ ಮನೆ. ಅಪ್ಪ ಜಗಲಿಯ ಮೇಲೆ ಉಳಿ ಹಿಡಿದು ಕೂತಿದ್ದರೆ, ಚಾಚಾ ಪಕ್ಕದ ಜಗಲಿಯಲ್ಲಿ ಮಿಕ್ಸಿ, ಫ್ಯಾನು ಬಿಚ್ಚಿಕೊಂಡು ಕೂರುತ್ತಿದ್ದರು. ಬಿಚ್ಚಿದ ತಿರುಪುಗಳನ್ನು ಹಳೇ ಪೇಪರಿನ ಮೇಲೆ ಸಾಲಾಗಿ ಇಡುವರು. "ಬಿಚ್ಚಿದ್ದು ಎಂಗೋ, ಸೇರ್ಸೋದು ಅದುರ್ ಉಲ್ಟಾ. ಅಷ್ಟೇ ಕಣವ್ವ ವಿದ್ಯೆ," ಎನ್ನುವರು. ನಾನು ಲ್ಯಾಬ್ ಟೆಕ್ನಿಷಿಯನ್ ಕೋರ್ಸಿಗೆ ಸೇರಿದಾಗ ನಮ್ಮ ನೆಂಟರಲ್ಲಿ ಯಾರಿಗೂ ಅದು ಏನೆಂದು ಅರ್ಥವಾಗಲಿಲ್ಲ. ಚಾಚಾ ಮಾತ್ರ, "ರಕ್ತದಾಗೆ ಏನೈತೆ ಅಂತ ಇದ್ದಿದ್ದು ಇದ್ದಂಗೆ ಹೇಳೋ ಕೆಲ್ಸ. ಒಳ್ಳೇದು," ಎಂದರು.

ಅವರಲ್ಲಿ ಒಂದು ಸಿನಿಮಾದ ಕಥೆಯಿತ್ತು. ಕೇಳಿದವರಿಗೆಲ್ಲ ಹೇಳುತ್ತಿದ್ದರು, ಕೇಳದವರಿಗೂ ಹೇಳುತ್ತಿದ್ದರು. ಆಗ ಫಿಲ್ಮಿನ ಪೆಟ್ಟಿಗೆಗಳು ಬಸ್ಸಿನ ಟಾಪಿನಲ್ಲಿ ಬರುತ್ತಿದ್ದವಂತೆ. ಒಂದು ದಿನ ಶ್ರೀರಂಗಪಟ್ಟಣದ ಬಸ್‌ಸ್ಟ್ಯಾಂಡಿನಲ್ಲಿ ಇವರು ಮುಚ್ಚಳ ತೆಗೆದು ನೋಡದೆ ಪೆಟ್ಟಿಗೆ ಹೊತ್ತು ತಂದುಬಿಟ್ಟರು. ಟೆಂಟಿಗೆ ಬಂದು ತೆಗೆದರೆ ನಮ್ಮ ಕನ್ನಡ ಸಿನಿಮಾ ಇಲ್ಲ, ಮೈಸೂರಿಗೆ ಹೋಗಬೇಕಿದ್ದ ಯಾವುದೋ ಹಳೇ ಇಂಗ್ಲಿಷ್ ಸಿನಿಮಾ ಇದೆ. ಸಂಜೆಯ ಆಟಕ್ಕೆ ಜನ ಆಗಲೇ ಕೂತಾಗಿತ್ತು. ಅದನ್ನೇ ಓಡಿಸಿದರು.

ಮನುಷ್ಯರು ದೂರದ ಗ್ರಹಕ್ಕೆ ಹೋಗುವ ಕಥೆ. ಆಕಾಶದ ಹಡಗನ್ನು ನಡೆಸುವುದು ಮಾತಾಡುವ ಒಂದು ಯಂತ್ರ. ಹಡಗಿನಿಂದ ಒಬ್ಬ ಹೊರಗೆ ಬಂದು ತೇಲುವಾಗ ಸದ್ದೇ ನಿಂತುಹೋಯಿತಂತೆ. ಜನ ಶಿಳ್ಳೆ ಹಾಕಿದರು. "ಲೇ ಆಪರೇಟ್ರು, ಸೌಂಡು ಬುಡ್ಲಾ!" ಚಾಚಾ ಕೂಡ ಕೆಟ್ಟಿತೆಂದೇ ತಿಳಿದು, ಪ್ರೊಜೆಕ್ಟರ್ ನಿಲ್ಲಿಸಿ ವೈರುಗಳನ್ನೆಲ್ಲ ಅಲುಗಾಡಿಸಿದರು. ಬೆಂಚಿನಲ್ಲಿದ್ದ ಹೈಸ್ಕೂಲು ಮೇಷ್ಟ್ರೊಬ್ಬರು ಕ್ಯಾಬಿನ್ನಿಗೆ ಬಂದು, ಆಕಾಶದಲ್ಲಿ ಗಾಳಿಯಿಲ್ಲ, ಅದಕ್ಕೇ ಸದ್ದಿಲ್ಲ ಎಂದು ತಿಳಿಸಿದರು. ಚಾಚಾ ಮೈಕು ಹಿಡಿದು ಅದನ್ನೇ ಸಾರಿದರು. ಕೆಳಗಿನಿಂದ ಉತ್ತರ ಬಂತು: "ಅಲ್ಲಿ ಗಾಳಿ ಇಲ್ದಿದ್ರೆ ಏನ್ಲಾ, ನಮ್ ಟೆಂಟಲ್ಲಿ ಐತಲ್ಲ, ಬುಡು!"

ಇದನ್ನು ಹೇಳುವಾಗ ಚಾಚಾಗೆ ನಗು ತಡೆಯಲು ಆಗುತ್ತಿರಲಿಲ್ಲ. ಆದರೆ ಮುಂದಿನದನ್ನು ನಗದೆ ಹೇಳುತ್ತಿದ್ದರು. ಆ ಯಂತ್ರ ತಪ್ಪು ಹೇಳಲು ಶುರುಮಾಡುತ್ತದೆ, ಜೀವ ತೆಗೆಯುತ್ತದೆ. ಕೊನೆಗೆ ಉಳಿದವನೊಬ್ಬ ಅದನ್ನು ಆರಿಸುತ್ತಾನೆ. ಟೆಂಟಿನ ಜನ ಚಪ್ಪಾಳೆ ತಟ್ಟಿದರು. ಚಾಚಾಗೆ ಆ ಚಪ್ಪಾಳೆ ಹಿಡಿಸಲಿಲ್ಲ. ಆ ಮೇಷ್ಟ್ರು ಅವರಿಗೆ ಬಿಡಿಸಿ ಹೇಳಿದ್ದರಂತೆ: ಪ್ರಯಾಣ ಏತಕ್ಕೆಂಬುದನ್ನು ಹಡಗಿನವರಿಂದ ಮುಚ್ಚಿಡಬೇಕೆಂದು ಆ ಯಂತ್ರಕ್ಕೆ ಮೇಲಿನವರ ಅಪ್ಪಣೆ ಆಗಿತ್ತು ಎಂದು.

"ನಿಜಾನೇ ಹೇಳು ಅಂತ ಕಲ್ಸಿದೋರೂ ಅವ್ರೇ, ಮುಚ್ಚಿಡು ಅಂದೋರೂ ಅವ್ರೇ," ಎನ್ನುವರು ಚಾಚಾ. "ಪಾಪ, ಅದು ಕೆಡದೆ ಇನ್ನೇನ್ ಮಾಡ್ತದೆ?"

ಹೋದ ವರ್ಷ ಅವರಿಗೆ ಊಟ ಸೇರದಾಯಿತು. ಶ್ರೀರಂಗಪಟ್ಟಣದಲ್ಲಿ ಗೂಡ್ಸ್ ಆಟೋ ಓಡಿಸುವ ಮಗ ಮೈಸೂರಿಗೆ ಕರೆದುಕೊಂಡು ಹೋಗಿ ಸ್ಕ್ಯಾನಿಂಗ್ ಮಾಡಿಸಿದ. ಲಿವರಿನ ಕ್ಯಾನ್ಸರು, ಹೆಚ್ಚೆಂದರೆ ನಾಲ್ಕು ತಿಂಗಳು ಎಂದರು ಡಾಕ್ಟರು. ಅವನು ಆಸ್ಪತ್ರೆಯಿಂದ ನೇರ ನಾನು ಕೆಲಸ ಮಾಡುವ ಲ್ಯಾಬಿಗೆ ಬಂದ. ಚಾಚಾ ಎಲ್ಲ ರಿಪೋರ್ಟನ್ನೂ ನನ್ನ ಹತ್ತಿರ ಓದಿಸಿಕೊಳ್ಳುತ್ತಾರೆಂದು ಅವನಿಗೆ ಗೊತ್ತಿತ್ತು.

"ಅಕ್ಕಾ, ಅಬ್ಬಾಗೆ ಹೊಟ್ಟೆ ಹುಣ್ಣು ಅಂತ ಹೇಳ್ಬುಡಿ. ಗೊತ್ತಾದ್ರೆ ಧೈರ್ಯ ಕೆಡ್ತದೆ. ಅಮ್ಮೀಗೂ ಹೇಳಿಲ್ಲ." ಅವನ ಕಣ್ಣು ಕೆಂಪಾಗಿತ್ತು. ನಾನು ಹೂಂ ಅಂದೆ. ನಮ್ಮ ಕಡೆ ಎಲ್ಲರ ಮನೆಯಲ್ಲೂ ಹೀಗೇ. ಕಾಯಿಲೆ ಬಂದವರಿಗೆ ಬಿಟ್ಟು ಮಿಕ್ಕವರಿಗೆಲ್ಲ ಗೊತ್ತಿರುತ್ತದೆ. ಅದನ್ನೇ ನಾವು ಪ್ರೀತಿ ಎಂದುಕೊಂಡಿದ್ದೇವೆ.

ಚಾಚಾ ಪ್ರತಿ ವಾರ ರಕ್ತ ಪರೀಕ್ಷೆಗೆ ಲ್ಯಾಬಿಗೆ ಬರುವರು. ಒಂದು ವಾರ ಹುಣ್ಣು ಎಂದೆ. ಕಣ್ಣು ಹಳದಿಯಾದ ವಾರ ಸಾದಾ ಜಾಂಡೀಸು ಎಂದೆ. ಆಮೇಲೆ ಅವರ ಜಗಲಿಯ ಮುಂದೆ ಹಾಯಲಾರದೆ ಹಿಂದಿನ ಓಣಿಯಿಂದ ಮನೆಗೆ ಹೋಗತೊಡಗಿದೆ.

ಒಂದು ಮಧ್ಯಾಹ್ನ ಲ್ಯಾಬಿನಲ್ಲಿ ಯಾರೂ ಇಲ್ಲದಾಗ ಬಂದು ಸ್ಟೂಲಿನ ಮೇಲೆ ಕೂತರು. ಕತ್ತು ಓರೆ ಮಾಡಿದರು.

"ಒಂದ್ಸಲ ಒಂದ್ ಹೇಳ್ತೀಯ, ಇನ್ನೊಂದ್ಸಲ ಇನ್ನೊಂದು. ನಿಂಗೆ ಮುಚ್ಚಿಡು ಅಂತ ಯಾರೋ ಅಂದವ್ರೆ. ಬುಡು, ಅದು ನಿನ್ ತಪ್ಪಲ್ಲ."

ನನಗೆ ಅಳು ಬಂತು. ಎಲ್ಲವನ್ನೂ ಹೇಳಿದೆ.

"ಈ ಸಲದ ರಂಜಾನ್ ನಂಗೆ ಸಿಕ್ತದಾ?"

"ಕಷ್ಟ ಚಾಚಾ."

ಚಾಚಾ ಸ್ಟೂಲಿನಿಂದ ಎದ್ದು, "ಊಟ ಮಾಡ್ದಾ? ಹೊತ್ತಾಯ್ತು, ಮಾಡ್ಕೊ," ಎಂದು ಹೊರಟರು.

ಸಂಜೆಯೇ ಅವರ ಮಗನ ಫೋನು ಬಂತು. "ಸಾಯೋ ಮುಂಚೇನೇ ನಮ್ಮಬ್ಬಾನ ಸಾಯ್ಸ್ಬುಟ್ರಲ್ಲ ಅಕ್ಕಾ." ಹಿಂದಿನಿಂದ ಚಾಚಾ, "ಇಡ್ಲಾ ಫೋನು, ಕೇಳಿದ್ದು ನಾನು!" ಎಂದು ಕೂಗುವುದು ಕೇಳಿಸಿತು. ಅವರು ಅದಾದ ಮೇಲೆ ಎರಡು ತಿಂಗಳು ಹತ್ತು ದಿನ ಇದ್ದರು. ಅಷ್ಟರಲ್ಲಿ ನಾನು ಅವರ ಮನೆಗೆ ಹೋದದ್ದು ಮೂರೇ ಸಲ. ಮಾಡಿದ್ದು ಸರಿಯೋ ತಪ್ಪೋ ನನಗೇ ತಿಳಿಯುತ್ತಿರಲಿಲ್ಲ. ಮಣ್ಣು ಮಾಡಿದ ದಿನ ಅವರ ಮಗ ನನ್ನನ್ನು ನೋಡಿ ಮುಖ ತಿರುಗಿಸಿದ. ಇವತ್ತಿಗೂ ಮಾತಾಡಿಸುವುದಿಲ್ಲ. ಅವನ ಸಂಕಟ ನನಗೆ ಅರ್ಥವಾಗುತ್ತದೆ.

ನಲವತ್ತನೆಯ ದಿನ ಕಳೆದ ಮೇಲೆ ಚಾಚಿ ನನ್ನನ್ನು ಕರೆಸಿದರು. ಬೈಯುತ್ತಾರೆಂದೇ ಹೋದೆ. ಅವರು ಚಹಾ ಕೊಟ್ಟು ಪಕ್ಕದಲ್ಲಿ ಕೂರಿಸಿಕೊಂಡರು.

"ನೀನು ಹೇಳಿದ್ ವಾರಾನೇ ನನ್ನ ಮೈಸೂರಿಗೆ ಸಿನಿಮಾಗೆ ಕರ್ಕೊಂಡ್ ಹೋದ್ರು ಬೇಟಿ. ಮದುವೆ ಆದಾಗಿಂದ ನಾನು ನೋಡಿದ್ ಸಿನಿಮಾ ಎಲ್ಲಾ ಒಬ್ಳೇ. ಅವ್ರು ಯಾವಾಗ್ಲೂ ಮೇಲೆ ಕ್ಯಾಬಿನ್‌ನಲ್ಲಿ. ಆವತ್ತು ಪಕ್ಕದಲ್ಲಿ ಕೂತಿದ್ರು. ಅರ್ಧಕ್ಕೇ ನಿದ್ದೆ ಹೋದ್ರು, ತಲೆ ನನ್ ಭುಜದ ಮೇಲೆ. ನಾನು ಅಲುಗಾಡ್ಲಿಲ್ಲ."

ಸೆರಗಿನಿಂದ ಮುಖ ಒರೆಸಿಕೊಂಡರು.

"ನೀನು ನಿಜ ಹೇಳ್ದಿದ್ರೆ, ವಾಸಿ ಆಗ್ಲಿ, ಆಮೇಲೆ ಹೋಗೋಣ ಅಂತಾನೇ ಇರ್ತಿದ್ರು."