ಹಾಲೆಂಡ್ ನೋಡಿ ಬಂದವರು

ಬಿಂದುಮಾಧವನಿಗೆ ಹೆಂಡತಿಯ ಮೇಲೆ ಹೊಟ್ಟೆಕಿಚ್ಚು ಹುಟ್ಟಿದ್ದು ಮಗಳು ರುಚಿತಾ ಏಳನೆಯ ತರಗತಿಗೆ ಬಂದ ಮೇಲೆ. ಅದಕ್ಕೆ ಮೊದಲು ಅಂಥ ಕಾರಣವೇ ಇರಲಿಲ್ಲ. ಬಾಗಲಕೋಟೆ ಕಡೆಯ ಮನುಷ್ಯ. ಬ್ಯಾಂಕಿನ ವರ್ಗಾವಣೆಯ ಮೇಲೆ ನಾಸಿಕ್‌ಗೆ ಬಂದವನು ಗಂಗಾಪುರ ರಸ್ತೆಯಲ್ಲಿ ಫ್ಲ್ಯಾಟು ಕೊಂಡು ಅಲ್ಲಿಯವನೇ ಆಗಿಬಿಟ್ಟಿದ್ದ.

ಬ್ಯಾಂಕಿನಲ್ಲಿ ಅವನದು ವಿದೇಶಿ ವಿನಿಮಯದ ಮೇಜು. ಜರ್ಮನಿಗೆ ಓದಲು ಹೊರಟ ಹುಡುಗರು, ದುಬೈಗೆ ಈರುಳ್ಳಿ ಕಳಿಸುವ ಸಟಾಣಾದ ವ್ಯಾಪಾರಿಗಳು, ಮಕ್ಕಳು ಮರಿ ಕಟ್ಟಿಕೊಂಡು ಸಿಂಗಾಪುರ ನೋಡಲು ಹೊರಟವರು, ಎಲ್ಲರೂ ಅವನ ಮುಂದೆ ಬಂದು ಕೂತೇ ಮುಂದೆ ಹೋಗಬೇಕು. ಹಬ್ಬದಲ್ಲಿ ಪಂಕ್ತಿಗೆಲ್ಲ ಬಡಿಸಿ ತಾನು ಮಾತ್ರ ಉಣ್ಣದೆ ಉಳಿದವನ ಹಾಗಿತ್ತು ಅವನ ಪಾಡು. ಚಿಕ್ಕಂದಿನಿಂದಲೂ ಅವನಿಗೆ ಭೂಪಟದ ಹುಚ್ಚು. ಯಾವ ನದಿ ಯಾವ ಸಮುದ್ರ ಸೇರುತ್ತದೆ, ಯಾವ ಊರಿನಲ್ಲಿ ಟ್ರಾಮ್ ಇದೆ, ಎಲ್ಲಿ ಮೇ ತಿಂಗಳಲ್ಲೂ ಹಿಮ ಬೀಳುತ್ತದೆ, ಎಲ್ಲವೂ ಬಾಯಿಪಾಠ. ಆದರೆ ಇಷ್ಟು ವರ್ಷದಲ್ಲಿ ಅವನು ವಿಮಾನ ಹತ್ತಿದ್ದು ಬೆಂಗಳೂರಿಗೆ, ಅದೂ ಟ್ರೇನಿಂಗಿಗೆ.

ಹೆಂಡತಿ ಮಂದಾಕಿನಿಗೆ ಇದಾವುದೂ ತಲೆಗೆ ಹತ್ತುತ್ತಿರಲಿಲ್ಲ. ಕೆಮಿಸ್ಟ್ರಿ ಓದಿದವಳು. ಮಗಳು ಸ್ವಲ್ಪ ದೊಡ್ಡವಳಾದ ಮೇಲೆ, ಮನೆಯಲ್ಲಿ ಸುಮ್ಮನೆ ಕೂಡುವುದೇಕೆಂದು, ಯುರೋಪಿಗೆ ದ್ರಾಕ್ಷಿ ಕಳಿಸುವ ಒಂದು ಕಂಪನಿಯಲ್ಲಿ ಹಣ್ಣಿನ ಗುಣಮಟ್ಟ ನೋಡುವ ಕೆಲಸಕ್ಕೆ ಸೇರಿದಳು. ಒಂದು ವರ್ಷ ಅಲ್ಲಿಗೆ ಮುಟ್ಟಿದ ಮಾಲಿನ ಬಗ್ಗೆ ತಕರಾರು ಬಂತು. ಯಾರಾದರೂ ಹೋಗಿ ನೋಡಬೇಕಾಯಿತು. ಸಾಹೇಬರು ಮಂದಾಕಿನಿಯನ್ನು ಹಾಲೆಂಡಿಗೆ ಕಳಿಸಿದರು.

ಅವಳನ್ನು ಮುಂಬೈ ವಿಮಾನ ನಿಲ್ದಾಣಕ್ಕೆ ಬಿಡಲು ಬಿಂದುಮಾಧವನೇ ಹೋದ. ದಾರಿಯುದ್ದಕ್ಕೂ ಅವಳು ಹೆದರಿ ಅವನ ತೋಳು ಹಿಡಿದುಕೊಂಡಿದ್ದಳು.

“ನನಗ ಯಾಕ ಕಳಸ್ತಾರ್ರೀ? ನೀವು ಹೋಗಬೇಕಾಗಿತ್ತು ನೋಡ್ರಿ. ನಿಮಗ ಎಲ್ಲಾ ಗೊತ್ತದ.”

“ಹೆದರಬ್ಯಾಡ. ಇಳದ ಕೂಡಲೇ ಬಾಣದ ಗುರ್ತು ನೋಡಕೋತ ಹೋಗು,” ಎಂದ. ಅವಳು ಒಳಗೆ ಹೋದ ಮೇಲೂ ಗಾಜಿನಾಚೆ ನೋಡುತ್ತ ನಿಂತ. ಹೆಂಡತಿಯನ್ನು ಕಳಿಸಿದ ಕಳವಳವೆಂದು ತನಗೆ ತಾನೇ ಹೇಳಿಕೊಂಡ. ಕಳವಳ ಅಷ್ಟು ಉರಿಯುವುದಿಲ್ಲ ಎಂಬುದು ಅವನಿಗೂ ಗೊತ್ತಿತ್ತು.

ಅವಳು ಚಾಕಲೇಟು ಹಿಡಿದುಕೊಂಡು ಬಂದಳು. ಯುಗಾದಿಗೆ ನಾಸಿಕ್‌ನ ಕನ್ನಡದ ಮಂದಿ ಕೂಡಿದಾಗ ಹೆಂಗಸರೆಲ್ಲ ಅವಳ ಸುತ್ತ ಕೂತರು. ಪಕ್ಕದ ಫ್ಲ್ಯಾಟಿನ ಅಂಬುಜಾ ಕೇಳಿದಳು, “ಹಾಲೆಂಡ್ ಹ್ಯಾಂಗದ ಹೇಳ್ರಿ, ಮಂದಾಕಿನಿ.”

“ಏನ ಹೇಳ್ಲಿ? ಥಂಡಿ. ಗೋದಾಮಿನೊಳಗ ಇನ್ನೂ ಥಂಡಿ. ಹೋಟೆಲ್‌ಗೆ ಬಂದು ಮಲಕೊಂಡ ಬಿಡ್ತಿದ್ದೆ.”

ಬಿಂದುಮಾಧವನಿಗೆ ತಡೆಯಲಾಗಲಿಲ್ಲ. ಹೋದವಳು ಹೋದಳು, ಕಣ್ಣು ಮುಚ್ಚಿಕೊಂಡು ಹೋಗಿಬಂದಳಲ್ಲ! ದೇವರು ಹಲ್ಲಿಲ್ಲದವರಿಗೆ ಕಡಲೆ ಕೊಟ್ಟ. ಅವನು ಮುಂದೆ ಬಂದು ಕೂತು ತಾನೇ ಹೇಳತೊಡಗಿದ. ಸಮುದ್ರಕ್ಕಿಂತ ತಗ್ಗಿನಲ್ಲಿರುವ ನೆಲ, ಕಾಲುವೆಗಳು, ಅವುಗಳಾಚೆ ಒಂದಕ್ಕೊಂದು ಭುಜ ಕೊಟ್ಟು ನಿಂತ ಸಣಕಲು ಮನೆಗಳು, ಮಳೆಯಲ್ಲೂ ಸೈಕಲ್ ತುಳಿಯುವ ಮುದುಕಿಯರು. ಅಂಬುಜಾಳ ಗಂಡ ಬೆರಗಾಗಿ, “ನೀವೂ ಹೋಗಿದ್ರೇನ್ರಿ?” ಎಂದ. ಮಂದಾಕಿನಿ ನಕ್ಕಳು. ಆ ನಗು ಅವನಿಗೆ ಚುಚ್ಚಿತು.

ಮುಂದಿನ ವರ್ಷವೂ ಅವಳು ಹೋದಳು. ಅದರ ಮುಂದಿನ ವರ್ಷವೂ. ಈಗ ಹೆದರಿಕೆ ಇರಲಿಲ್ಲ. ಬ್ಯಾಗು ತಾನೇ ಕಟ್ಟಿಕೊಂಡು, ಟ್ಯಾಕ್ಸಿ ತಾನೇ ಕರೆಸಿಕೊಂಡು, “ಬರ್ತೀನ್ರಿ, ಫ್ರಿಜ್ಜಿನ್ಯಾಗ ಹಿಟ್ಟದ,” ಎಂದು ಹೇಳಿ ಹೋಗುತ್ತಿದ್ದಳು. ಅವನು ಹಿಟ್ಟು ತೆಗೆದು ದೋಸೆ ಹೊಯ್ಯುವಾಗ ಕಾವಲಿಗಿಂತ ಹೆಚ್ಚು ತಾನೇ ಕಾಯುತ್ತಿದ್ದ.

ಅಷ್ಟರಲ್ಲಿ ಅವನಿಗೆ ಮೂರ್ನಾಲ್ಕು ತಾಸಿನ ದಾರಿಯ ಸಂಭಾಜಿನಗರಕ್ಕೆ ವರ್ಗವಾಯಿತು. ರುಚಿತಾಳ ಶಾಲೆ, ಮಂದಾಕಿನಿಯ ನೌಕರಿ ಎರಡೂ ನಾಸಿಕ್‌ನಲ್ಲಿ. ಅವನೊಬ್ಬನೇ ಸಿಡ್ಕೋ ಬಡಾವಣೆಯಲ್ಲಿ ಕೋಣೆ ಹಿಡಿದ. ರಜೆ ಸಿಕ್ಕಾಗ ನಾಸಿಕ್‌ಗೆ ಬರುವುದು. ಹೊಸ ಶಾಖೆಯಲ್ಲಿ ಅವನ ಹಿಂದುಮುಂದು ಯಾರಿಗೂ ಗೊತ್ತಿರಲಿಲ್ಲ. ಊರಾಚೆ ಬಿಡಕಿನ್ ಕಡೆ ಹೊಸ ಕಾರ್ಖಾನೆಗಳೆದ್ದು, ಕೊರಿಯಾ ಜಪಾನಿಗೆ ಓಡಾಡುವ ಗಿರಾಕಿಗಳೇ ಅಲ್ಲಿ ಹೆಚ್ಚು. ಚಹದ ಹೊತ್ತಿಗೆ ಮಾತೆಲ್ಲ ಅದೇ. ಒಂದು ದಿನ ಯಾರೋ ಯುರೋಪಿನಲ್ಲಿ ಎಲ್ಲ ಊರೂ ಒಂದೇ ಥರ ಅಂದರು.

“ಹಂಗಲ್ಲರಿ. ಹಾಲೆಂಡಿನ್ಯಾಗ ಬ್ಯಾರೇನೇ ಅದ,” ಎಂದ ಬಿಂದುಮಾಧವ.

ಪಕ್ಕದ ಮೇಜಿನ ಶಶಿಕಾಂತ ತಿರುಗಿ ಕೂತ. ಕಲಬುರಗಿ ಜಿಲ್ಲೆಯ ಆಳಂದದವನು, ಸರಳ ಮನುಷ್ಯ. “ಸಾಹೇಬ್ರು ಹೋಗಿ ಬಂದೀರೇನ್ರಿ?”

“ಹೋಗದ ಏನು,” ಎಂದುಬಿಟ್ಟ.

ಬಾಯಿಂದ ಜಾರಿದ ಮಾತು ಮರಳಿ ಬಾಯಿಗೆ ಬರುವುದುಂಟೆ? ಅಂದಿನಿಂದ ಅವನು ಆ ಶಾಖೆಯಲ್ಲಿ ಫಾರಿನ್ ಕಂಡವನಾದ. ಮೊದಮೊದಲು ಮೈ ಬೆವರುತ್ತಿತ್ತು, ಆಮೇಲೆ ಒಗ್ಗಿಹೋಯಿತು. ಕಾಲುವೆಯ ದೋಣಿಯಲ್ಲಿ ಕೂತಾಗ ಸೇತುವೆ ತಲೆಗೆ ತಾಕುವಷ್ಟು ಹತ್ತಿರ ಬಂದದ್ದು, ಚೀಸಿನ ಅಂಗಡಿಯ ಅಜ್ಜಿ ತುಂಡು ಕೊಟ್ಟು ರುಚಿ ನೋಡೆಂದದ್ದು, ಹೇಳುತ್ತ ಹೇಳುತ್ತ ಅವನಿಗೇ ಆ ಚೀಸಿನ ಉಪ್ಪು ನಾಲಿಗೆಗೆ ಹತ್ತುತ್ತಿತ್ತು. ಶಶಿಕಾಂತ ಹೆಂಡತಿ ವೈಷ್ಣವಿಯನ್ನೂ ಮಕ್ಕಳನ್ನೂ ಕರೆದುಕೊಂಡು ಬೇಸಿಗೆಯಲ್ಲಿ ಯುರೋಪಿಗೆ ಹೋಗುವ ಯೋಚನೆಯಲ್ಲಿದ್ದ. ಏನಿದ್ದರೂ ಇವನನ್ನೇ ಕೇಳುವನು.

ದೀಪಾವಳಿ ಮುಗಿದ ಮೇಲೆ ಮಂದಾಕಿನಿಯೂ ರುಚಿತಾಳೂ ಸಂಭಾಜಿನಗರಕ್ಕೆ ಬಂದರು. ಸುದ್ದಿ ತಿಳಿದ ಶಶಿಕಾಂತ ಬಿಡಲೇ ಇಲ್ಲ. ಮಧ್ಯಾಹ್ನದ ಊಟಕ್ಕೆ ಕರೆದ. ಬಿಂದುಮಾಧವ ನೂರು ನೆಪ ಹೇಳಿದರೂ ನಡೆಯಲಿಲ್ಲ.

ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ವೈಷ್ಣವಿ ಬಡಿಸುತ್ತ ಹೇಳಿದಳು, “ಅಕ್ಕಾರ, ನಿಮ್ಮ ಯಜಮಾನ್ರು ಹಾಲೆಂಡಿಂದು ಹೇಳಿದ್ದು ಕೇಳಿ ನಮ್ಮವ್ರು ದಿನಾ ಅದೇ ಜಪ ಮಾಡ್ತಾರ್ರಿ. ನೀವಿಬ್ರೂ ಆ ದೋಣ್ಯಾಗ ಕೂತಿದ್ರಂತಲ್ಲ?”

ಬಿಂದುಮಾಧವ ಇನ್ನೊಂದು ರೊಟ್ಟಿ ಮುರಿಯತೊಡಗಿದ. ರುಚಿತಾ ತಲೆ ಎತ್ತಿದಳು. “ಪಣ ಬಾಬಾ ತರ್...” ಎಂದು, ಅಪ್ಪ ಹೋಗೇ ಇಲ್ಲವಲ್ಲ ಎನ್ನುವುದನ್ನು ಮರಾಠಿಯಲ್ಲಿ ಶುರು ಮಾಡಿದಳು.

“ರುಚೀ, ಚಟ್ನಿ ಈ ಕಡೆ ಕೊಡು,” ಎಂದಳು ಮಂದಾಕಿನಿ. ಆಮೇಲೆ ವೈಷ್ಣವಿಯ ಕಡೆ ತಿರುಗಿ, “ಹೌದ್ರಿ. ಇವರು ನೋಡಿದಷ್ಟು ನಾ ನೋಡಿಲ್ಲ. ನಂದು ಬರೇ ಗೋದಾಮು,” ಎಂದಳು. ದನಿಯಲ್ಲಿ ಒಂದು ಕೊಂಕೂ ಇರಲಿಲ್ಲ. ಬಿಂದುಮಾಧವ ತಟ್ಟೆಯಿಂದ ಕಣ್ಣೆತ್ತದೆ ಊಟ ಮುಗಿಸಿದ. ಅವಳು ಎಲ್ಲರ ಮುಂದೆ ನಕ್ಕಿದ್ದರೆ ಚೆನ್ನಾಗಿತ್ತು ಅನಿಸಿತು. ಸುಳ್ಳಿನಲ್ಲೂ ಅವಳೇ ಅವನ ಕೈ ಹಿಡಿದು ದಾಟಿಸಿದ್ದಳು.

ಮರುದಿನ ಮೂವರೂ ಕಾರಿನಲ್ಲಿ ನಾಸಿಕ್‌ಗೆ ಹೊರಟರು. ವೈಜಾಪುರದಲ್ಲಿ ಚಹಕ್ಕೆ ನಿಲ್ಲಿಸಿದಾಗ ರುಚಿತಾ ವಡಾಪಾವ್ ತರಲು ಹೋದಳು. ಅವನು ಸಿಡುಕಿದ.

“ಯಾಕ ನನ್ನ ಮುಚ್ಚಿ ಹಾಕಿದಿ? ಸುಳ್ಳ ಅಂತ ಹೇಳಬೇಕಾಗಿತ್ತು. ಕನಿಕರ ತೋರಸ್ತೀ ಏನು?”

ಮಂದಾಕಿನಿ ಕಪ್ಪಿನ ಚಹ ಬಸಿಗೆ ಹೊಯ್ದುಕೊಂಡಳು. “ಕನಿಕರ ಎಲ್ಲೀದರೀ? ಹೊಟ್ಟೆಕಿಚ್ಚು.”

“ನಿನಗ?”

“ಮತ್ತ! ಇಷ್ಟ ವರ್ಷಾತು ಹೋಗಲಿಕ್ಕೆ ಹತ್ತಿ, ಒಂದು ದೋಣ್ಯಾಗ ಕೂತಿಲ್ಲ. ವಿಮಾನ, ಗೋದಾಮು, ಹೋಟೆಲ್, ಬ್ರೆಡ್ಡು. ನೀವು ಮನ್ಯಾಗ ಕೂತು ಏನೆಲ್ಲಾ ನೋಡೀರಿ. ನೀವು ನೋಡಿದ ಊರು ನನಗ ಯಾರು ತೋರಿಸ್ಯಾರ?”

ಅವಳು ಬಸಿ ಕೆಳಗಿಟ್ಟು, “ಈ ಸಲ ರುಚೀ ಪರೀಕ್ಷಾ ಮುಗದ ಮ್ಯಾಲೆ ಎಲ್ಲಾರೂ ಹೋಗೋಣು,” ಎಂದಳು. “ನಿನ್ನ ಬಾಲ ಹಿಡಕೊಂಡು ನಾ ಬರಂಗಿಲ್ಲ,” ಎಂದ ಅವನು. ಆದರೆ ಹೋದ. ಆಸೆ ಅಂಥದು.

ಏಪ್ರಿಲ್‌ನಲ್ಲಿ, ದ್ರಾಕ್ಷಿಯ ಹಂಗಾಮು ಮುಗಿಯುವ ಹೊತ್ತಿಗೆ, ಅವರು ಹಾಲೆಂಡಿನಲ್ಲಿ ಇಳಿದರು. ಬಿಂದುಮಾಧವ ಮಗುವಾಗಿಬಿಟ್ಟ. ನಕ್ಷೆ ನೋಡದೆ ಟ್ರಾಮ್ ಹಿಡಿಸಿದ, ಬೀದಿಯ ಹೆಸರು ಓದುವ ಮೊದಲೇ ಹೇಳಿದ. ರುಚಿತಾ, “ಬಾಬಾ, ತುಮ್ಹೀ ಗೂಗಲ್ ಆಹಾತ್,” ಎಂದು ನಕ್ಕಳು. ದೋಣಿಯಲ್ಲಿ ಕೂತಾಗ ಸೇತುವೆ ತಲೆಗೆ ತಾಕುವಷ್ಟು ಹತ್ತಿರವೇನೂ ಬರಲಿಲ್ಲ. ಮಂದಾಕಿನಿ ಮಾತ್ರ ಮೊದಲ ತಿರುವಿನಲ್ಲೇ ಅವನ ಹೆಗಲಿಗೆ ಒರಗಿ ನಿದ್ದೆ ಹೋದಳು. ಎಬ್ಬಿಸಿ ತೋರಿಸಿದ. “ಚಂದ ಅದರೀ,” ಎಂದು ಮತ್ತೆ ಕಣ್ಣು ಮುಚ್ಚಿದಳು. ಅಂದು ಅವನಿಗೆ ಯಾವ ಉರಿಯೂ ಇರಲಿಲ್ಲ. ಕಾಲುವೆಯೆಲ್ಲ ತನ್ನದೇ ಆಗಿತ್ತು.

ಮೂರನೆಯ ದಿನ ಅವಳಿಗೆ ಫೋನ್ ಬಂತು. ಕೊನೆಯ ಕಂಟೇನರಿನ ಹಣ್ಣು ಮೆತ್ತಗಾಗಿದೆಯಂತೆ. ಬಂದರಿನ ಹತ್ತಿರದ ಗೋದಾಮಿಗೆ ಮೂವರೂ ಹೋದರು. ಬಿಳಿ ಕೋಟು ತೊಟ್ಟ ಮಂದಾಕಿನಿ ಒಳಗೆ ಹೋಗಿ ಪೆಟ್ಟಿಗೆ ಒಡೆದು, ಗೊಂಚಲಿನ ತೊಟ್ಟು ಮುರಿದು ನೋಡಿ, ಒಬ್ಬ ಎತ್ತರದ ಡಚ್ಚನೊಡನೆ ವಾದಕ್ಕಿಳಿದಳು. ಬಿಂದುಮಾಧವ ಗಾಜಿನಾಚೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದ. ಮಾತು ಕೇಳುತ್ತಿರಲಿಲ್ಲ. ಅವಳು ಕೈ ಬೀಸಿ ಏನೋ ಹೇಳಿದಳು, ಡಚ್ಚ ತಲೆ ಅಲ್ಲಾಡಿಸಿದ, ಅವಳು ಒಂದು ದ್ರಾಕ್ಷಿ ಕಿತ್ತು ಅವನ ಕೈಗಿತ್ತಳು, ಅವನು ತಿಂದ. ಆಮೇಲೆ ಇಬ್ಬರೂ ತಲೆ ಹಿಂದಕ್ಕೆ ಚೆಲ್ಲಿ ನಕ್ಕರು. ಗೋದಾಮಿನ ಕೂಲಿಗಳೂ ನಕ್ಕರು.

ಹಾಗೆ ನಗುವ ಮಂದಾಕಿನಿಯನ್ನು ಬಿಂದುಮಾಧವ ಒಂದು ದಿನವೂ ಕಂಡಿರಲಿಲ್ಲ. ಮನೆಯಲ್ಲಿ ಅವಳು ನಗುವುದು ತುಟಿಯಂಚಿನಲ್ಲಿ. ಈ ದೊಡ್ಡ ನಗು ಎಷ್ಟು ವರ್ಷದಿಂದ ಇಲ್ಲಿ, ಈ ಥಂಡಿಯಲ್ಲಿ, ತನಗೆ ಗೊತ್ತಿಲ್ಲದವರ ಮುಂದೆ ಖರ್ಚಾಗುತ್ತಿತ್ತು! ಹೊಟ್ಟೆಯಲ್ಲಿ ಬೆಂಕಿ ಎದ್ದಿತು. ಈ ಬೆಂಕಿಗೆ ಯಾವ ಟಿಕೆಟ್ಟೂ ಮದ್ದಾಗುವಂತಿರಲಿಲ್ಲ.

ಹೊರಬಂದಾಗ ಅವಳ ಬೆರಳು ಮಂಜಿನಂತಾಗಿದ್ದವು. “ಅರ್ಧಾ ಮಾಲು ಉಳಸಿದೆ,” ಎಂದಳು. “ಹೌದು?” ಎಂದಷ್ಟೇ ಹೇಳಿ ಅವನು ಆ ಕೈ ತನ್ನ ಜೇಬಿಗೆ ಹಾಕಿಕೊಂಡ.

ಮುಂದಿನ ಹಂಗಾಮಿನಲ್ಲಿ ಮಂದಾಕಿನಿ ಮತ್ತೆ ಒಬ್ಬಳೇ ಹೋದಳು. ಸಂಭಾಜಿನಗರದ ಕೋಣೆಯಿಂದ ಅವನು ಸಂಜೆ ಫೋನ್ ಮಾಡುವನು. ಮೊದಲು ಊಟವಾಯಿತೆ, ಮಳೆ ಇದೆಯೆ ಎಂದಷ್ಟೇ ಕೇಳುತ್ತಿದ್ದವನು ಈಗ, “ಇವತ್ತಿನ ಮಾಲು ಹ್ಯಾಂಗಿತ್ತು?” ಎನ್ನುತ್ತಾನೆ. ಅವಳು ಹೇಳಲು ಕೂತರೆ ನಿಲ್ಲಿಸುವುದಿಲ್ಲ. ತೊಟ್ಟು ಒಣಗಿದ್ದು, ಡಚ್ಚನ ಹಟ, ಅವನನ್ನು ಮಣಿಸಿದ ಬಗೆ. ನಡುವೆ ಒಮ್ಮೊಮ್ಮೆ ಆ ನಗು ಫೋನಿನಲ್ಲೂ ಬರುತ್ತದೆ. ಬಿಂದುಮಾಧವನಿಗೆ ಉರಿಯುತ್ತದೆ. ಆದರೂ ಫೋನ್ ಇಡುವುದಿಲ್ಲ, “ಮುಂದ?” ಎನ್ನುತ್ತಾನೆ.